ಸ್ಟುಡಿಯೊದಲ್ಲಿ ನಿಂತ ಪಿನ್-ಅಪ್ ಹುಡುಗಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಅಮೆರಿಕನ್ ಕ್ಯಾಲೆಂಡರ್ ಚಿತ್ರಗಳ ಬಗ್ಗೆ ಎಲ್ಲಿ ಮಾತಾಡಿದರೂ ಒಂದು ಬಗೆಯ ಚಿತ್ರವನ್ನು ನಾನು ತೋರಿಸಿಯೇ ತೋರಿಸುತ್ತೇನೆ. ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ ಮುಂದೆ ಒಬ್ಬ ಹುಡುಗಿ, ಕೈಯಲ್ಲಿ ಬಣ್ಣ ಕಲಸುವ ಹಲಗೆ, ಅಂದರೆ ಪ್ಯಾಲೆಟ್, ತಲೆಯ ಮೇಲೆ ಓರೆಯಾಗಿ ಕೂತ ಚಪ್ಪಟೆ ಬೆರೆ ಟೋಪಿ, ಭುಜದಿಂದ ಜಾರಿದ ಅಂಗಿ. ನೋಡಿದವರಲ್ಲಿ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ನೆಲ ನೋಡುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಎದುರಿಗೆ ಕೇಳಲು ಸಂಕೋಚವಾದವರು ಪತ್ರ ಬರೆಯುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಮೊದಲು ಕೇಳುವುದು

ಪಿನ್-ಅಪ್ ಅಂದ್ರೆ ಏನು ಸಾರ್? ಸಿನಿಮಾ ಪೋಸ್ಟರ್ ತರಹಾನಾ?

ಗೋಡೆಗೆ ಪಿನ್ ಚುಚ್ಚಿ ಹಚ್ಚಿಕೊಳ್ಳುವ ಚಿತ್ರ, ಅಷ್ಟೇ. ಈ ಅರ್ಥದಲ್ಲಿ ಪದ ಚಾಲ್ತಿಗೆ ಬಂದದ್ದು 1940ರ ದಶಕದ ಶುರುವಿನಲ್ಲಿ. ಚಿತ್ರದ ಬಗೆ ಮಾತ್ರ ಅದಕ್ಕಿಂತ ಹಳೆಯದು: 1890ರ ದಶಕದಲ್ಲೇ ಚಾರ್ಲ್ಸ್ ಡೇನಾ ಗಿಬ್ಸನ್ ಮಸಿಯಲ್ಲಿ ಬರೆದ ಎತ್ತರದ, ಬಿಗುಮಾನದ ಹುಡುಗಿಯರು ಪತ್ರಿಕೆಗಳಿಂದ ಕತ್ತರಿಸಿಕೊಂಡು ಗೋಡೆ ಏರಿದ್ದರು.

ಸಿನಿಮಾ ಪೋಸ್ಟರ್ ಸಿನಿಮಾ ಮಾರುತ್ತದೆ. ಕ್ಯಾಲೆಂಡರಿನ ಪಿನ್-ಅಪ್ ಹುಡುಗಿ ಮಾರುವುದು ಅವಳಿಗೆ ಸಂಬಂಧವೇ ಇಲ್ಲದ ಟೈರು, ಬೋಲ್ಟು, ಕಲ್ಲಿದ್ದಲು. ನಮ್ಮ ಕಿರಾಣಿ ಅಂಗಡಿಯ ಕ್ಯಾಲೆಂಡರ್ ನೆನಪಿಸಿಕೊಳ್ಳಿ. ಮೇಲೆ ಲಕ್ಷ್ಮಿ, ಕೆಳಗೆ ಅಂಗಡಿಯ ಹೆಸರು, ಫೋನ್ ನಂಬರು, ಅದರ ಕೆಳಗೆ ತಾರೀಕಿನ ಪುಟ. ಲೆಕ್ಕಾಚಾರ ಅದೇ. ದೇವರ ಜಾಗದಲ್ಲಿ ಅಲ್ಲಿ ಹುಡುಗಿ ಇದ್ದಳು. ಮಿನೆಸೋಟದ ಸೇಂಟ್ ಪಾಲ್ ಊರಿನಲ್ಲಿ 1896ರಲ್ಲಿ ಶುರುವಾದ ಬ್ರೌನ್ ಅಂಡ್ ಬಿಗೆಲೋ ಕಂಪನಿ ಈ ವ್ಯಾಪಾರದ ದೊಡ್ಡ ಕುಳ. ಅದರ ಸ್ಥಾಪಕರಲ್ಲಿ ಒಬ್ಬನಾದ ಹರ್ಬರ್ಟ್ ಬಿಗೆಲೋ ಆದಾಯ ತೆರಿಗೆಯ ಪ್ರಕರಣದಲ್ಲಿ ಜೈಲಿಗೆ ಹೋದಾಗ ಅಲ್ಲಿ ಚಾರ್ಲ್ಸ್ ವಾರ್ಡ್ ಎಂಬ ಕೈದಿಯ ಸ್ನೇಹವಾಯಿತು. ಬಿಗೆಲೋ 1933ರಲ್ಲಿ ನೀರಿನಲ್ಲಿ ಮುಳುಗಿ ಸತ್ತ ಮೇಲೆ ಕಂಪನಿಯ ಚುಕ್ಕಾಣಿ ಹಿಡಿದವನು ಆ ವಾರ್ಡ್. ಕ್ಯಾಲೆಂಡರಿಗಿಂತ ಕಂಪನಿಯ ಕತೆಯೇ ಸ್ವಾರಸ್ಯವಾಗಿದೆ.

ಇಂಥ ಚಿತ್ರ ಎಲ್ಲಿ ನೇತುಹಾಕ್ತಿದ್ರು? ಮನೇಲಂತೂ ಅಲ್ಲ ಅಲ್ವಾ?

ಹೆಚ್ಚಾಗಿ ಗ್ಯಾರೇಜು, ಕ್ಷೌರದಂಗಡಿ, ಕಾರ್ಖಾನೆಯ ಸ್ಟೋರ್ ರೂಮು, ಎರಡನೇ ಮಹಾಯುದ್ಧದಲ್ಲಿ ಸೈನಿಕರ ಬ್ಯಾರಕ್ಕು. ಬಾಂಬರ್ ವಿಮಾನಗಳ ಮೂತಿಯ ಮೇಲೆ ಇದೇ ಚಿತ್ರಗಳನ್ನು ನಕಲು ಮಾಡಿ ಬರೆಯುತ್ತಿದ್ದರು.

ತೂಗುಹಾಕಿದ ಜಾಗ ಗೊತ್ತಾದರೆ ಚಿತ್ರದ ಅರ್ಧ ರಚನೆ ಅರ್ಥವಾಗುತ್ತದೆ. ಎಷ್ಟೋ ಕ್ಯಾಲೆಂಡರುಗಳಲ್ಲಿ ಇಡೀ ವರ್ಷಕ್ಕೆ ಒಂದೇ ಚಿತ್ರ. ತಿಂಗಳ ಹಾಳೆಗಳ ಕಟ್ಟು ಮಾತ್ರ ಕೆಳಗೆ ಪಿನ್ ಹೊಡೆದಿರುತ್ತಿತ್ತು. ಎಣ್ಣೆ ಮೆತ್ತಿದ ಕೈಯ ಮೆಕ್ಯಾನಿಕ್ ಹತ್ತಡಿ ದೂರದಿಂದ, ಮಂದ ಬೆಳಕಿನಲ್ಲಿ, ಮುನ್ನೂರ ಅರವತ್ತೈದು ದಿನ ಅದನ್ನು ನೋಡಬೇಕು. ಆದ್ದರಿಂದಲೇ ಹಿನ್ನೆಲೆ ಬೋಳು, ಆಕೃತಿಯ ಅಂಚು ಖಚಿತ. ಸ್ಟುಡಿಯೊ ಎಂದು ತೋರಿಸಲು ಈಸೆಲ್, ಪ್ಯಾಲೆಟ್, ಸ್ಟೂಲು, ಮೂರೇ ಸಾಕು.

ಇದು ಫೋಟೊನಾ, ಕೈಯಲ್ಲಿ ಬರೆದಿದ್ದಾ?

ಕೈಯಲ್ಲಿ ಬರೆದದ್ದು; ಆದರೆ ಬಹಳ ಸಲ ಮುಂದೆ ಫೋಟೊ ಇಟ್ಟುಕೊಂಡು. ಗಿಲ್ ಎಲ್ವ್‌ಗ್ರೆನ್ (1914–1980) ಈ ಬಗೆಯ ಚಿತ್ರಕಾರರಲ್ಲಿ ಅತಿ ಹೆಸರಾದವರು. ಅವರು ಮಾಡೆಲ್‌ ಅನ್ನು ನಿಜವಾದ ಸಾಮಾನುಗಳ ನಡುವೆ ನಿಲ್ಲಿಸಿ, ದೀಪ ಹೊಂದಿಸಿ, ತಾವೇ ಫೋಟೊ ತೆಗೆದು, ಅದನ್ನು ನೋಡಿಕೊಂಡು ಕ್ಯಾನ್ವಾಸ್ ಮೇಲೆ ತೈಲವರ್ಣದಲ್ಲಿ ಬರೆಯುತ್ತಿದ್ದರು. ಬ್ರೌನ್ ಅಂಡ್ ಬಿಗೆಲೋಗೆ ಬರೆದ ಅವರ ಕ್ಯಾನ್ವಾಸುಗಳ ಸಾಮಾನ್ಯ ಅಳತೆ 30×24 ಇಂಚು.

ಎಲ್ಲರೂ ತೈಲದವರಲ್ಲ. ರೋಲ್ಫ್ ಆರ್ಮ್‌ಸ್ಟ್ರಾಂಗ್, ಅರ್ಲ್ ಮೊರಾನ್, ಜೋಯಿ ಮೋಜರ್ಟ್ ಇವರದು ಪ್ಯಾಸ್ಟೆಲ್, ಅಂದರೆ ಬಣ್ಣದ ಪುಡಿ ಒತ್ತಿ ಮಾಡಿದ ಕಡ್ಡಿ. ಎಸ್ಕ್ವೈರ್ ಪತ್ರಿಕೆಯ ಜಾರ್ಜ್ ಪೆಟ್ಟಿ, ಅವರ ನಂತರ ಬಂದ ಪೆರು ದೇಶದ ಆಲ್ಬರ್ಟೊ ವಾರ್ಗಸ್ ಜಲವರ್ಣದ ಜೊತೆ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಬಳಸಿದರು. ಚರ್ಮ ಪಿಂಗಾಣಿಯ ಹಾಗೆ ನುಣುಪಾಗಿ, ಕುಂಚದ ಗೆರೆಯೇ ಇಲ್ಲದೆ ಮಂಜಿನಂತೆ ಕರಗಿದ್ದರೆ ಏರ್‌ಬ್ರಶ್ ಇರಬಹುದು. ಕೂದಲಲ್ಲಿ, ಬಟ್ಟೆಯ ಮಡಿಕೆಯಲ್ಲಿ ದಪ್ಪ ಬಣ್ಣದ ಎಳೆತ ಕಂಡರೆ ತೈಲ.

ಕಾಲು ಯಾಕೆ ಅಷ್ಟು ಉದ್ದ? ಯಾರಿಗಾದ್ರೂ ಹಾಗಿರುತ್ತಾ?

ಇರುವುದಿಲ್ಲ. ಎಲ್ವ್‌ಗ್ರೆನ್ ತೆಗೆದ ಮೂಲ ಫೋಟೊಗಳನ್ನು ಚಿತ್ರಗಳ ಪಕ್ಕದಲ್ಲಿಟ್ಟು ಅಚ್ಚು ಮಾಡಿದ್ದಾರೆ, ನೋಡಿ. ಕಾಲು ಹಿಗ್ಗಿದೆ, ಸೊಂಟ ಕುಗ್ಗಿದೆ, ಕಣ್ಣು ದೊಡ್ಡದಾಗಿದೆ, ಹುಬ್ಬು ಮೇಲೇರಿದೆ. ಫೋಟೊದಲ್ಲಿ ಸುಮ್ಮನೆ ನಿಂತವಳು ಚಿತ್ರದಲ್ಲಿ ಬೆಚ್ಚಿಬಿದ್ದಿರುತ್ತಾಳೆ.

## ಚಿತ್ರದೊಳಗೆ ಇಳಿದಾಗ

ಅವಳು ಬರೆಯೋಳಾ, ಬರೆಸಿಕೊಳ್ಳೋಳಾ?

ನನ್ನ ಪ್ರಕಾರ ಸ್ಟುಡಿಯೊ ಪಿನ್-ಅಪ್ ಓದಲು ಇದೇ ಬೀಗದ ಕೈ. ಮೂರು ಬಗೆ ಕಾಣುತ್ತೇನೆ.

ಒಂದನೆಯದರಲ್ಲಿ ಅವಳು ಮಾಡೆಲ್. ಎತ್ತರದ ಹಲಗೆಯ ಮೇಲೆ ಕೂತಿದ್ದಾಳೆ, ಮೈಮೇಲೆ ಒಂದು ತುಂಡು ಬಟ್ಟೆ. ಚಿತ್ರಕಾರ ಕಾಣುವುದಿಲ್ಲ. ಅವನ ಜಾಗದಲ್ಲಿ ನೋಡುಗ ನಿಂತಿದ್ದಾನೆ. ಗ್ಯಾರೇಜಿನ ಮೆಕ್ಯಾನಿಕ್‌ಗೆ ಒಂದು ಕ್ಷಣ ಪ್ಯಾರಿಸ್ಸಿನ ಕಲಾವಿದನ ಪದವಿ ಸಿಗುತ್ತದೆ. ಎರಡನೆಯದರಲ್ಲಿ ಅವಳೇ ಕಲಾವಿದೆ, ಆದರೆ ಹೆಸರಿಗೆ. ಕುಂಚವನ್ನು ಲಿಪ್‌ಸ್ಟಿಕ್ ಹಿಡಿದಂತೆ ಹಿಡಿದಿದ್ದಾಳೆ, ಮೈ ಕ್ಯಾನ್ವಾಸಿನ ಕಡೆಗಿದ್ದರೂ ಮುಖ ನಮ್ಮ ಕಡೆಗೆ ಹೊರಳಿದೆ. ಹಾಗೆ ನಿಂತು ಯಾರೂ ಒಂದು ಗೆರೆಯನ್ನೂ ಎಳೆಯಲಾರರು. ಬೇಕಾದರೆ ಮನೆಯಲ್ಲಿ ಪೊರಕೆ ಹಿಡಿದು ನಿಂತು ನೋಡಿ, ಎರಡು ನಿಮಿಷಕ್ಕೆ ಸೊಂಟ ನೋಯುತ್ತದೆ. ಮೂರನೆಯದರಲ್ಲಿ ಕನ್ನಡಿ ಬರುತ್ತದೆ. ಅವಳು ತನ್ನನ್ನೇ ನೋಡಿಕೊಂಡು ತನ್ನನ್ನೇ ಬರೆಯುತ್ತಿದ್ದಾಳೆ. ಈ ಮೂರನೆಯದನ್ನು ಕೇವಲ ತಮಾಷೆ ಎಂದು ಬಹಳ ದಿನ ತಿಳಿದಿದ್ದೆ. ಜೋಯಿ ಮೋಜರ್ಟ್ ಬಗ್ಗೆ ತಿಳಿದ ಮೇಲೆ ಆ ಅಭಿಪ್ರಾಯ ಬದಲಾಯಿತು. ಅವರ ವಿಷಯ ಕೆಳಗೆ ಬರುತ್ತದೆ.

ಈಸೆಲ್ ಮೇಲಿನ ಕ್ಯಾನ್ವಾಸ್ ಖಾಲಿ ಇದ್ರೆ ಏನರ್ಥ?

ಕೆಲವೊಮ್ಮೆ ಏನೂ ಅರ್ಥವಿಲ್ಲ. ಬಿಳಿಯ ಚೌಕ ಹುಡುಗಿಯ ಮೈಬಣ್ಣವನ್ನು ಎದ್ದು ತೋರಿಸುತ್ತದೆ, ಚಿತ್ರಕಾರನಿಗೆ ಅಷ್ಟೇ ಬೇಕಿತ್ತು. ಕ್ಯಾನ್ವಾಸ್ ಮೇಲೆ ಏನಾದರೂ ಇದ್ದರೆ ಸಾಮಾನ್ಯವಾಗಿ ನಗೆಯ ಗುಟ್ಟು ಅಲ್ಲೇ ಇರುತ್ತದೆ: ಮೈತುಂಬ ತಿರುವಿರುವ ಸುಂದರಿಯ ಎದುರು ಮಗು ಗೀಚಿದಂಥ ಕಡ್ಡಿ ಬೊಂಬೆ, ಅಥವಾ ಪಿಕಾಸೋ ಮಾದರಿಯ ತ್ರಿಕೋನ, ಚೌಕ. ಎರಡನೆಯ ಬಗೆಯ ತಮಾಷೆಯಲ್ಲಿ ಸಣ್ಣ ಸೇಡೂ ಇದೆ. ಆಗ ಗ್ಯಾಲರಿಗಳಲ್ಲಿ ಆಧುನಿಕ ಕಲೆಗೆ ಮರ್ಯಾದೆ, ಕ್ಯಾಲೆಂಡರಿನವರಿಗೆ ಹಣ ಮಾತ್ರ. ‘ನೋಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಲು ಬರುವುದು ನಮಗೆ’ ಎಂಬ ಕುಟುಕು ಆ ತ್ರಿಕೋನಗಳಲ್ಲಿ ಕೇಳಿಸುತ್ತದೆ.

ಬೆರೆ ಟೋಪಿ, ಮಡಚೋ ಪರದೆ, ಪ್ಲಾಸ್ಟರ್ ತಲೆ... ಇವೆಲ್ಲ ಸಂಕೇತಗಳಾ?

ಸಂಕೇತ ಎನ್ನುವುದು ದೊಡ್ಡ ಮಾತು. ನಾಟಕದಲ್ಲಿ ಕಿರೀಟ ಇಟ್ಟರೆ ರಾಜ, ಜೋಳಿಗೆ ಹಾಕಿದರೆ ಭಿಕ್ಷುಕ ಎನ್ನುತ್ತೇವಲ್ಲ, ಹಾಗೆ. ಬೆರೆ ಟೋಪಿ ಅಂದರೆ ಪ್ಯಾರಿಸ್. ಮಡಚುವ ಪರದೆಯ ಮೇಲೆ ಬಟ್ಟೆ ಬಿದ್ದಿದ್ದರೆ ಮಾಡೆಲ್ ಉಡುಪು ಬದಲಿಸಿ ಬಂದಿದ್ದಾಳೆಂದು ಅರ್ಥ. ಪ್ಲಾಸ್ಟರ್ ತಲೆ ಕಲಾಶಾಲೆಯ ಗುರುತು. ಓರೆ ಗಾಜಿನ ಮಾಡು ಇದ್ದರೆ ಅದು ಉತ್ತರದ ಬೆಳಕು. ದಿನವಿಡೀ ನೆರಳು ಹೆಚ್ಚು ಬದಲಾಗದ ಬೆಳಕೆಂದು ಚಿತ್ರಕಾರರು ಅದನ್ನೇ ಬಯಸುತ್ತಾರೆ. ಹುಡುಗಿಯ ಮೇಲೆ ಬಿದ್ದ ಬೆಳಕು ಆ ಕಿಟಕಿಯಿಂದಲೇ ಬರುತ್ತಿದೆಯೇ ಎಂದು ಒಮ್ಮೆ ಪರೀಕ್ಷಿಸಿ. ಎಷ್ಟೋ ಸಲ ಬರುತ್ತಿರುವುದಿಲ್ಲ. ಹಿಂದಿನಿಂದ ಒಂದು ದೀಪ, ಪಕ್ಕದಿಂದ ಒಂದು, ಕೂದಲಂಚಿಗೆ ಹೊಳಪು: ಅದು ಫೋಟೊ ಸ್ಟುಡಿಯೊದ ಬೆಳಕು. ಚಿತ್ರದೊಳಗಿನ ಕೋಣೆ ಒಂದು, ಚಿತ್ರ ಹುಟ್ಟಿದ ಕೋಣೆ ಇನ್ನೊಂದು, ಇವೆರಡು ಬೇರೆ ಎಂಬುದು ಅಲ್ಲಿ ಬಯಲಾಗುತ್ತದೆ.

ಬಟ್ಟೆ ಯಾವಾಗಲೂ ಏನಕ್ಕಾದರೂ ಸಿಕ್ಕಿಕೊಂಡೇ ಜಾರುತ್ತೆ ಯಾಕೆ?

ಅವಳು ಬೇಕೆಂದು ಜಾರಿಸಲಿಲ್ಲ ಎಂದು ಹೇಳುವುದಕ್ಕೆ. ಗಾಳಿ ಬೀಸಿತು, ನಾಯಿ ಹಗ್ಗ ಸುತ್ತಿಕೊಂಡಿತು, ಏಣಿಯ ಮೊಳೆ ಸೆರಗು ಹಿಡಿಯಿತು. ಬಾಯಿ ‘ಓ’ ಆಕಾರದಲ್ಲಿ ತೆರೆದಿರುತ್ತದೆ. ಆರ್ಟ್ ಫ್ರಾಮ್ ಎಂಬ ಚಿತ್ರಕಾರನಂತೂ ನಡುಬೀದಿಯಲ್ಲಿ ಒಳಉಡುಪು ಜಾರಿಬಿದ್ದ ಹೆಂಗಸರ ಸರಣಿಯನ್ನೇ ಬರೆದ. ಅವರ ಕೈಚೀಲದಲ್ಲಿ ಸೆಲರಿ ಸೊಪ್ಪು ಯಾಕೆ ಪದೇ ಪದೇ ಬರುತ್ತದೆಂಬುದು ಈ ಚಿತ್ರಪ್ರಿಯರ ನಡುವೆ ಇಂದಿಗೂ ತಮಾಷೆಯ ವಿಷಯ.

ಆಕಸ್ಮಿಕ ಅಂದರೆ ಒಂದು ನೆಪ. ನೆಪಕ್ಕೆ ಕಾರಣವೂ ಇತ್ತು. ಅಮೆರಿಕದಲ್ಲಿ ಅಶ್ಲೀಲ ವಸ್ತುವನ್ನು ಅಂಚೆಯಲ್ಲಿ ಕಳಿಸುವಂತಿರಲಿಲ್ಲ. ಪಿನ್-ಅಪ್ ಚಿತ್ರ, ನಗೆಹನಿಗಳ ನೆಪದಲ್ಲಿ 1943ರ ಕೊನೆಗೆ ಅಂಚೆ ಇಲಾಖೆ ಎಸ್ಕ್ವೈರ್ ಪತ್ರಿಕೆಯ ಅಗ್ಗದ ಅಂಚೆ ದರವನ್ನೇ ಕಿತ್ತುಕೊಂಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1946ರಲ್ಲಿ ಪತ್ರಿಕೆ ಗೆದ್ದಿತು. ಯಾವುದು ಒಳ್ಳೆಯ ಸಾಹಿತ್ಯ, ಯಾವುದು ಒಳ್ಳೆಯ ಕಲೆ ಎಂದು ತೀರ್ಮಾನಿಸುವುದು ಅಂಚೆಯವರ ಕೆಲಸವಲ್ಲ ಎಂಬುದು ತೀರ್ಪಿನ ಸಾರ.

ಈಗ ಸ್ಟುಡಿಯೊಗೆ ಬನ್ನಿ. ಅಡುಗೆಮನೆಯಲ್ಲೋ ಬೀದಿಯಲ್ಲೋ ಬಟ್ಟೆ ಜಾರಲು ಗಾಳಿ ಬೇಕು, ನಾಯಿ ಬೇಕು. ಸ್ಟುಡಿಯೊದಲ್ಲಿ ಏನೂ ಬೇಡ. ಅಲ್ಲಿ ಬಟ್ಟೆ ಕಳಚುವುದು ಒಂದು ಉದ್ಯೋಗ, ನೋಡುವುದು ಇನ್ನೊಂದು ಉದ್ಯೋಗ. ‘ಕಲೆಗಾಗಿ’ ಎಂಬ ಒಂದೇ ಮಾತು ಎಲ್ಲ ನೆಪಗಳ ಕೆಲಸ ಮಾಡುತ್ತದೆ. ಕ್ಯಾಲೆಂಡರಿನವರು ಈ ಸನ್ನಿವೇಶಕ್ಕೆ ಮತ್ತೆ ಮತ್ತೆ ಮರಳಿದ್ದು ಇದಕ್ಕೇ ಎಂದು ನನ್ನ ಅನಿಸಿಕೆ. ಅಷ್ಟಿದ್ದೂ ಕೆಲವರು ಸ್ಟುಡಿಯೊದೊಳಗೂ ಈಸೆಲಿನ ಗೂಟಕ್ಕೆ ಅಂಗಿ ಸಿಕ್ಕಿಸಿದ್ದಾರೆ. ಬೆಲ್ಟಿನ ಮೇಲೆ ಉಡಿದಾರ ಕಟ್ಟಿದ ಹಾಗೆ.

ಬೇಲೂರಲ್ಲಿ ಮದನಿಕೆಯ ಸೀರೆ ಎಳೆಯೋ ಕೋತಿ ಇದೆಯಲ್ಲ, ಅದೂ ಇದೇ ಅಲ್ವಾ?

ಈ ಪ್ರಶ್ನೆ ಕೇಳದ ಸಭೆಯೇ ಇಲ್ಲ. ಯುಕ್ತಿ ಅದೇ, ಒಪ್ಪುತ್ತೇನೆ: ಕೋತಿ ಎಳೆಯಿತು, ಅವಳದೇನೂ ತಪ್ಪಿಲ್ಲ. ದರ್ಪಣ ಸುಂದರಿಯ ಕನ್ನಡಿಯೂ ಪಿನ್-ಅಪ್ ಚಿತ್ರಗಳಲ್ಲಿ ಸಿಗುತ್ತದೆ. ಹಾಗೆಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. 1117ರ ಚೆನ್ನಕೇಶವ ದೇವಾಲಯದ ಮದನಿಕೆ ಮಾಡಿನ ಕೆಳಗೆ, ನಮ್ಮ ತಲೆಗಿಂತ ಮೇಲಿದ್ದಾಳೆ. ಕತ್ತೆತ್ತಿ ನೋಡಬೇಕು, ಸುತ್ತ ದೇವರು, ಬಳ್ಳಿ, ವಾದ್ಯಗಾರರು ಇದ್ದಾರೆ. ಕ್ಯಾಲೆಂಡರ್ ಹುಡುಗಿ ನಮ್ಮ ಕಣ್ಣಿನ ಮಟ್ಟದಲ್ಲಿ ಒಂಟಿ. ಇನ್ನೊಂದು ವ್ಯತ್ಯಾಸ ಕಾಲಬುಡದಲ್ಲಿದೆ. ಬೇಲೂರಿನ ಎಷ್ಟೋ ಶಿಲ್ಪಗಳ ಪೀಠದ ಮೇಲೆ ಶಿಲ್ಪಿಯ ಹೆಸರು ಕೊರೆದಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ನಮಗೆ ಗೊತ್ತಿರುವುದು ಹಾಗೆ. ಕ್ಯಾಲೆಂಡರ್ ಹುಡುಗಿಯ ಪಾದದ ಕೆಳಗೆ ದೊಡ್ಡಕ್ಷರದಲ್ಲಿ ಇರುವುದು ಟೈರಂಗಡಿಯ ಹೆಸರು.

ಚಿತ್ರದ ಕೆಳಗಿನ ದ್ವಂದ್ವಾರ್ಥದ ಸಾಲು ಚಿತ್ರಕಾರರೇ ಬರೆದದ್ದಾ?

ಬಹಳ ಮಟ್ಟಿಗೆ ಅಲ್ಲ. ಶೀರ್ಷಿಕೆ ಇಡುವುದು ಮಾರುವವರ ಕೆಲಸವಾಗಿತ್ತು. ಎಸ್ಕ್ವೈರ್‌ನಲ್ಲಿ ವಾರ್ಗಸ್ ಚಿತ್ರಗಳ ಜೊತೆಗಿನ ಪದ್ಯಗಳನ್ನು ಫಿಲ್ ಸ್ಟ್ಯಾಕ್ ಎಂಬ ಬೇರೊಬ್ಬರು ಬರೆಯುತ್ತಿದ್ದರು. ಶೀರ್ಷಿಕೆಯನ್ನು ಕೈಯಿಂದ ಮುಚ್ಚಿ ಚಿತ್ರ ನೋಡಿ, ಆಮೇಲೆ ತೆರೆಯಿರಿ. ಕಣ್ಣಿಗೆ ಕಂಡದ್ದನ್ನು ಪದ ಎಷ್ಟು ಬೇಗ ಕಿರಿದು ಮಾಡುತ್ತದೆಂದು ತಿಳಿಯುತ್ತದೆ.

## ಯಾರು, ಯಾವಾಗ, ಅಸಲಿಯೋ ನಕಲಿಯೋ

ಇದನ್ನೆಲ್ಲ ಬರೆದವರು ಗಂಡಸರೇ ತಾನೇ?

ಅಲ್ಲ. ಬ್ರೌನ್ ಅಂಡ್ ಬಿಗೆಲೋ ಕಂಪನಿಯ ನಾಲ್ಕು ದೊಡ್ಡ ಹೆಸರು ಎಂದರೆ ಆರ್ಮ್‌ಸ್ಟ್ರಾಂಗ್, ಮೊರಾನ್, ಎಲ್ವ್‌ಗ್ರೆನ್ ಜೊತೆಗೆ ಜೋಯಿ ಮೋಜರ್ಟ್ ಎಂಬ ಹೆಂಗಸು (1907–1993). ಫಿಲಡೆಲ್ಫಿಯಾದ ಕಲಾಶಾಲೆಯಲ್ಲಿ ಓದುವಾಗ ಫೀಸಿಗಾಗಿ ತಾವೇ ಮಾಡೆಲ್ ಆಗಿ ನಿಂತವರು. ಪತ್ರಿಕೆಗಳ ಮುಖಪುಟ, ಸಿನಿಮಾ ಪೋಸ್ಟರ್ ಬರೆದು ಹೆಸರಾದ ಮೇಲೆ 1941ರಲ್ಲಿ ಕ್ಯಾಲೆಂಡರ್ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದರು. ಅವರ ಹಲವು ಚಿತ್ರಗಳಿಗೆ ಅವರೇ ಮಾಡೆಲ್: ಕನ್ನಡಿ ಇಟ್ಟುಕೊಂಡು, ಕೆಲವೊಮ್ಮೆ ಕ್ಯಾಮೆರಾದ ಸಹಾಯದಿಂದ, ತಮ್ಮ ಮೈಯನ್ನೇ ನೋಡಿ ಪ್ಯಾಸ್ಟೆಲಿನಲ್ಲಿ ಬರೆಯುತ್ತಿದ್ದರು.

ಈಗ ಮೂರನೆಯ ಬಗೆಯ ಚಿತ್ರಕ್ಕೆ, ಕನ್ನಡಿ ನೋಡಿಕೊಂಡು ತನ್ನನ್ನೇ ಬರೆಯುವ ಹುಡುಗಿಗೆ, ಮರಳಿ ಬನ್ನಿ. ಗಂಡಸು ಬರೆದರೆ ಅದು ಹಾಸ್ಯ. ಮೋಜರ್ಟ್ ವಿಷಯದಲ್ಲಿ ಅದು ಸೋಮವಾರ ಬೆಳಗಿನ ಕೆಲಸ. ಬರೆದವಳೂ ಅವಳೇ, ಬರೆಸಿಕೊಂಡವಳೂ ಅವಳೇ, ಚೆಕ್ಕೂ ಅವಳ ಹೆಸರಿಗೆ. ನೋಡಿದವನು ಮಾತ್ರ ಅದೇ ಮೆಕ್ಯಾನಿಕ್. ಇಲ್ಲಿ ಯಾರ ಕೈಯಲ್ಲಿ ಏನಿತ್ತು ಎಂದು ಒಂದೇ ವಾಕ್ಯದಲ್ಲಿ ಹೇಳಲು ನನಗೆ ಇನ್ನೂ ಆಗಿಲ್ಲ.

ಜಾಯ್ಸ್ ಬ್ಯಾಲಂಟೈನ್, ಪರ್ಲ್ ಫ್ರಶ್ ಇನ್ನಿಬ್ಬರು. ಬ್ಯಾಲಂಟೈನ್ ಚಿಕಾಗೋದಲ್ಲಿ ಎಲ್ವ್‌ಗ್ರೆನ್ ಕೆಲಸ ಮಾಡಿದ ಸ್ಟುಡಿಯೊದಲ್ಲೇ ದುಡಿದವರು. ಕಾಪರ್‌ಟೋನ್ ಲೋಷನ್ನಿನ ಜಾಹೀರಾತಿನಲ್ಲಿ ನಾಯಿಮರಿ ಚಡ್ಡಿ ಎಳೆಯುವ ಪುಟ್ಟ ಹುಡುಗಿಯ ಚಿತ್ರ 1959ರಲ್ಲಿ ಬರೆದದ್ದು ಅವರೇ, ತಮ್ಮ ಮಗಳನ್ನು ಮಾಡೆಲ್ ಮಾಡಿಕೊಂಡು. ಆಕಸ್ಮಿಕದ ನೆಪ ಅಲ್ಲಿಗೂ ಬಂತು ನೋಡಿ.

ಮಾಡೆಲ್‌ಗೆ ಎಷ್ಟು ಸಿಗ್ತಿತ್ತು?

ಒಂದು ಉದಾಹರಣೆ. 1946ರಿಂದ ಕೆಲವು ವರ್ಷ ಅರ್ಲ್ ಮೊರಾನ್ ಬಳಿ ನಿಂತ ನಾರ್ಮಾ ಜೀನ್ ಎಂಬ ಹುಡುಗಿಗೆ ಗಂಟೆಗೆ 10 ಡಾಲರ್. ಮುಂದೆ ಮರ್ಲಿನ್ ಮನ್ರೋ ಆದವಳು ಅವಳೇ. 1949ರಲ್ಲಿ ಛಾಯಾಗ್ರಾಹಕ ಟಾಮ್ ಕೆಲಿ ಕೆಂಪು ಮಖಮಲ್ಲಿನ ಮೇಲೆ ತೆಗೆದ ನಗ್ನ ಚಿತ್ರಕ್ಕೆ ಅವಳಿಗೆ ಸಿಕ್ಕಿದ್ದು 50 ಡಾಲರ್. ಆ ಚಿತ್ರ ಕ್ಯಾಲೆಂಡರಾಗಿ ಅಪಾರವಾಗಿ ಮಾರಾಟವಾಯಿತು, 1953ರಲ್ಲಿ ಪ್ಲೇಬಾಯ್ ಪತ್ರಿಕೆಯ ಮೊದಲ ಸಂಚಿಕೆಗೂ ಬಂತು. ಆ ಮಾರಾಟದಲ್ಲಿ ಅವಳಿಗೆ ಪಾಲಿಲ್ಲ.

ನನ್ನ ಹತ್ರ ಒಂದು ಹಾಳೆ ಇದೆ, ವರ್ಷ ಇರೋ ಭಾಗ ಹರಿದುಹೋಗಿದೆ. ಯಾವ ಕಾಲದ್ದು ಅಂತ ಹೇಗೆ ಗೊತ್ತಾಗುತ್ತೆ?

ಹುಡುಗಿಯನ್ನು ಬಿಟ್ಟು ಅಂಗಡಿಯ ವಿಳಾಸ ನೋಡಿ. ಅಮೆರಿಕದಲ್ಲಿ ಐದಂಕಿಯ ಪಿನ್ ಕೋಡ್, ಅವರ ಮಾತಿನಲ್ಲಿ ಜಿಪ್ ಕೋಡ್, ಬಂದದ್ದು 1963ರ ಜುಲೈ 1ರಂದು. ಅದಿದ್ದರೆ ಹಾಳೆ ಆಮೇಲಿನದು. ಊರಿನ ಹೆಸರಿನ ಮುಂದೆ ಬರೀ ಒಂದೆರಡು ಅಂಕಿ ಇದ್ದರೆ ಅದು ದೊಡ್ಡ ನಗರಗಳಿಗೆ 1943ರಲ್ಲಿ ಕೊಟ್ಟ ಅಂಚೆ ವಲಯ. ಹಾಳೆ ಈ ಎರಡು ವರ್ಷಗಳ ನಡುವಿನದಾಗುವ ಸಾಧ್ಯತೆ ಹೆಚ್ಚು. ಫೋನ್ ನಂಬರ್ ಅಕ್ಷರಗಳಿಂದ ಶುರುವಾದರೂ ಹಳೆಯದೇ. ಒಂದೇ ಒಂದು ತಿಂಗಳ ಪುಟ ಉಳಿದಿದ್ದರೆ ಮೊದಲ ತಾರೀಕು ಯಾವ ವಾರ ಎಂದು ನೋಡಿದರೆ ಕೆಲವೇ ವರ್ಷಗಳಿಗೆ ಇಳಿಯುತ್ತದೆ.

ಅದೂ ಇಲ್ಲವೆಂದರೆ ಕಾಲುಚೀಲ ನೋಡಿ. ನೈಲಾನ್ ಕಾಲುಚೀಲ ಅಮೆರಿಕದ ಅಂಗಡಿಗಳಿಗೆಲ್ಲ ಬಂದದ್ದು 1940ರ ಮೇ 15ರಂದು. ಹಿಂಬದಿಯಲ್ಲಿ ಉದ್ದಕ್ಕೆ ಹೊಲಿಗೆಯ ಗೆರೆ ಇರುವುದು 40, 50ರ ದಶಕದ ಲಕ್ಷಣ. 60ರ ದಶಕದಲ್ಲಿ ಹೊಲಿಗೆಯಿಲ್ಲದವು ಹರಡಿದವು. ಆದರೂ ಉಡುಪನ್ನು ಪೂರ್ತಿ ನಂಬಬೇಡಿ. ಕ್ಯಾಲೆಂಡರ್ ಕಂಪನಿಗಳು ಹಳೆಯ ಚಿತ್ರವನ್ನೇ ವರ್ಷಗಟ್ಟಲೆ ಮರುಮುದ್ರಿಸುತ್ತಿದ್ದವು. ಚಿತ್ರದ ವಯಸ್ಸು ಒಂದು, ಹಾಳೆಯ ವಯಸ್ಸು ಇನ್ನೊಂದು.

ಮೂಲೆಯಲ್ಲಿ ಸಹಿ ಇದೆ. ಅಂದ್ರೆ ಅವರೇ ಬರೆದದ್ದು ಅಂತ ಖಾತ್ರಿ ಅಲ್ವಾ?

ಸಹಿಯೇ ಮೋಸ ಮಾಡಬಹುದು. ಎಲ್ವ್‌ಗ್ರೆನ್ ಮೊದಲು ಕೆಲಸ ಮಾಡಿದ್ದು ಲೂಯಿಸ್ ಎಫ್. ಡೌ ಎಂಬ ಕಂಪನಿಗೆ. ಅವರು ಬಿಟ್ಟುಹೋದ ಮೇಲೆ ಅವರ ಹಳೆಯ ಕ್ಯಾನ್ವಾಸುಗಳ ಮೇಲೆ ವಾನ್ ಬಾಸ್ ಎಂಬವರಿಂದ ಬಟ್ಟೆ, ಹಿನ್ನೆಲೆಗಳನ್ನು ಬದಲಿಸಿ ಬರೆಸಿ ಹೊಸದಾಗಿ ಮಾರಿದರು. ವಾರ್ಗಸ್ ಕತೆ ಇನ್ನೂ ಖಾರ: ಎಸ್ಕ್ವೈರ್ ಅವರ ಹೆಸರಿನ ಕೊನೆಯ ‘ಸ್’ ಕತ್ತರಿಸಿ ‘ವಾರ್ಗ ಹುಡುಗಿ’ ಎಂದು ಮಾರಿತು. ಜಗಳವಾಗಿ ಹೊರಬಂದಾಗ ಆ ಮೊಟಕು ಹೆಸರು ಪತ್ರಿಕೆಯದೇ ಎಂದು ನ್ಯಾಯಾಲಯದಲ್ಲಿ ಅವರು ಸೋತರು.

ಜನರ ನಾಲಿಗೆಯೂ ತಪ್ಪು ಸಹಿ ಹಾಕುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ‘ರವಿವರ್ಮ, ರವಿವರ್ಮ’ ಎಂದು ಎಷ್ಟು ಸಲ ಕೇಳಿಸುತ್ತದೆ ಎಣಿಸಿ. ಅದು ಎಸ್.ಎಲ್. ಹಲ್ದಣಕರ್ ಬರೆದ ಜಲವರ್ಣ, ದೀಪ ಹಿಡಿದು ನಿಂತವಳು ಅವರ ಮಗಳು. ರವಿವರ್ಮ ತೀರಿಕೊಂಡು ಸುಮಾರು ನಲವತ್ತು ವರ್ಷದ ಮೇಲೆ ಬರೆದದ್ದು.

ಹಳೇ ಮುದ್ರಣವೋ ಈಗ ಪ್ರಿಂಟ್ ತೆಗೆದದ್ದೋ, ಅಥವಾ ಎಐ ಮಾಡಿದ್ದೋ?

ಭೂತಗನ್ನಡಿ ತನ್ನಿ. ಹಳೆಯ ಆಫ್‌ಸೆಟ್ ಮುದ್ರಣದಲ್ಲಿ ಕೆನ್ನೆಯ ಗುಲಾಬಿ ಬಣ್ಣ ಸಣ್ಣ ಚುಕ್ಕೆಗಳಾಗಿ, ಕ್ರಮವಾದ ಹೂವಿನಾಕಾರದಲ್ಲಿ ಒಡೆಯುತ್ತದೆ. ಈಗಿನ ಇಂಕ್‌ಜೆಟ್ ಪ್ರಿಂಟಿನಲ್ಲಿ ಕ್ರಮವಿಲ್ಲದೆ ಚೆಲ್ಲಿದ ತುಂತುರು ಕಾಣುತ್ತದೆ. ಹಳೆಯ ಕಾಗದದ ಅಂಚು ಒಳಭಾಗಕ್ಕಿಂತ ಹೆಚ್ಚು ಹಳದಿಯಾಗಿರುತ್ತದೆ. ಎಲ್ಲ ಕಡೆ ಒಂದೇ ಸಮ ಕಂದಾಗಿದ್ದರೆ ಚಹಾ ಡಿಕಾಕ್ಷನ್ನಿನ ವಾಸನೆ ಬರುತ್ತದೆಯೇ ನೋಡಿ!

ಪರದೆಯ ಮೇಲೆ ಮಾತ್ರ ಕಂಡ ಚಿತ್ರವಾದರೆ ಸ್ಟುಡಿಯೊದ ಸಾಮಾನುಗಳನ್ನು ಪರೀಕ್ಷಿಸಿ. ಈಸೆಲಿಗೆ ನಿಲ್ಲುವಷ್ಟು ಕಾಲುಗಳಿವೆಯೇ, ಪ್ಯಾಲೆಟ್ಟಿನ ತೂತಿನೊಳಗೆ ಹೆಬ್ಬೆರಳು ಹೋಗಿದೆಯೇ, ಕನ್ನಡಿಯಲ್ಲಿ ಕಾಣುವ ಕೈ ಸರಿಯಾದ ಕೈಯೇ. ಹಳೆಯ ಚಿತ್ರಕಾರರು ಮೈಯ ವಿಷಯದಲ್ಲಿ ಎಷ್ಟೇ ಸುಳ್ಳು ಹೇಳಿರಲಿ, ಈಸೆಲಿನ ವಿಷಯದಲ್ಲಿ ಹೇಳುತ್ತಿರಲಿಲ್ಲ. ಅದು ದಿನಾ ಕಣ್ಣೆದುರಿಗೆ ನಿಂತಿರುತ್ತಿತ್ತು.

ಈ ಚಿತ್ರವನ್ನ ನನ್ನ ಕೆಫೆಯ ಗೋಡೆಗೆ ಬಳಸಬಹುದಾ?

ಹಳೆಯದೆಂದ ಮಾತ್ರಕ್ಕೆ ಹಕ್ಕು ಹೋಗಿರುವುದಿಲ್ಲ. ಅಮೆರಿಕದಲ್ಲಿ 1964ಕ್ಕೆ ಮೊದಲು ಪ್ರಕಟವಾದವುಗಳ ಹಕ್ಕನ್ನು 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ಮಾಡದಿದ್ದರೆ ಅಲ್ಲಿ ಹಕ್ಕು ಮುಗಿಯಿತು, ಮಾಡಿದ್ದರೆ ಪ್ರಕಟವಾಗಿ 95 ವರ್ಷದವರೆಗೆ ಉಳಿಯುತ್ತದೆ. ಒಂದೊಂದು ಚಿತ್ರಕ್ಕೂ ಬೇರೆ ಬೇರೆಯಾಗಿ ಹುಡುಕಬೇಕು. ಕೆಫೆಗೆ ಹಾಕುವ ಮುನ್ನ ವಕೀಲರನ್ನು ಕೇಳಿ, ನನ್ನನ್ನಲ್ಲ.

## ಗಟ್ಟಿ ಪ್ರಶ್ನೆಗಳು

ಇದನ್ನೆಲ್ಲ ಕಲೆ ಅಂತ ಕರೀಬೇಕಾ?

ಕಸುಬಿನ ದೃಷ್ಟಿಯಿಂದ ಅನುಮಾನವೇ ಇಲ್ಲ. ಎಲ್ವ್‌ಗ್ರೆನ್ ಕೈ ಪಳಗಿದ್ದು ಹ್ಯಾಡನ್ ಸಂಡ್‌ಬ್ಲಮ್ ಎಂಬವರ ನೆರಳಿನಲ್ಲಿ. ಕೋಕಾ-ಕೋಲಾ ಜಾಹೀರಾತಿಗೆ 1931ರಿಂದ ಕೆಂಪು ಕೆನ್ನೆಯ ಸಾಂಟಾಕ್ಲಾಸ್ ಬರೆದವರು ಅವರು. ಒಂದೇ ಎಳೆತದಲ್ಲಿ ರೇಷ್ಮೆ ರೇಷ್ಮೆಯಾಗುವ, ಹತ್ತಿ ಹತ್ತಿಯಾಗುವ ಕೈಚಳಕ ಸುಮ್ಮನೆ ಬರುವುದಿಲ್ಲ. ವಾರ್ಗಸ್ ಎಸ್ಕ್ವೈರ್‌ಗೆ ಬರೆದ ಮೂಲ ಚಿತ್ರಗಳು ಈಗ ಕ್ಯಾನ್ಸಸ್ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಲಾ ಸಂಗ್ರಹಾಲಯದಲ್ಲಿವೆ. ನನಗೆ ಬೇಸರ ತರುವುದು ಬೇರೆ: ಮುಖಗಳು. ನೂರು ಚಿತ್ರ ನೋಡಿದ ಮೇಲೆ ಮೊಣಕಾಲು ನೆನಪಿರುತ್ತದೆ, ಒಂದು ಮುಖವೂ ನೆನಪಿರುವುದಿಲ್ಲ.

ಹೆಣ್ಣನ್ನ ಬೊಂಬೆ ಮಾಡಿದ ಚಿತ್ರ ಇದು. ನೀವು ಯಾಕೆ ಸಮರ್ಥಿಸಿಕೊಳ್ತೀರಿ?

ಸಮರ್ಥಿಸುವುದಿಲ್ಲ, ಓದುತ್ತೇನೆ. ಈ ಚಿತ್ರಗಳು ಗಂಡಿನ ಕಣ್ಣಿಗೆಂದೇ ಜೋಡಿಸಿದವು ಎಂಬುದರಲ್ಲಿ ನನಗೂ ನಿಮಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಹುಡುಗಿಯ ಕೈಗೆ ಕುಂಚ ಕೊಟ್ಟ ಕೂಡಲೇ ಒಂದು ಹಳೆಯ ಜಗಳ ಚಿತ್ರದೊಳಗೆ ಬಂದು ಕೂರುತ್ತದೆ. ಚಿತ್ರಕಾರನಿಗೆ ಗೊತ್ತಿರಲಿ, ಇಲ್ಲದಿರಲಿ.

ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದಾಗ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು, ಆಂಜೆಲಿಕಾ ಕೌಫ್ಮನ್ ಮತ್ತು ಮೇರಿ ಮೋಸರ್. ಯೋಹಾನ್ ಜೊಫಾನಿ 1771–72ರಲ್ಲಿ ಆ ಸದಸ್ಯರ ಗುಂಪು ಚಿತ್ರ ಬರೆದ. ಎದುರಿಗೆ ಬೆತ್ತಲೆ ಮಾಡೆಲ್, ಸುತ್ತ ಗಂಡಸರು. ಹೆಂಗಸರು ಆ ಕೋಣೆಯಲ್ಲಿ ಇರುವಂತಿಲ್ಲ. ಇಬ್ಬರನ್ನೂ ಗೋಡೆಯ ಮೇಲೆ ತೂಗುಹಾಕಿದ ಪಟಗಳಾಗಿ ತೋರಿಸಿದ! ಸ್ಟುಡಿಯೊದಲ್ಲಿ ಹೆಣ್ಣು ಗೋಡೆಯ ಮೇಲಿನ ಚಿತ್ರವಾಗುವುದು ಪಿನ್-ಅಪ್ ಕಾಲದ ಕಂಡುಹಿಡಿತವಲ್ಲ. 1886ರಲ್ಲಿ ಫಿಲಡೆಲ್ಫಿಯಾದ ಥಾಮಸ್ ಈಕಿನ್ಸ್ ಎಂಬ ಗುರು ವಿದ್ಯಾರ್ಥಿನಿಯರಿದ್ದ ತರಗತಿಯಲ್ಲಿ ಗಂಡು ಮಾಡೆಲ್‌ನ ಲಂಗೋಟಿ ತೆಗೆಸಿದ್ದಕ್ಕೆ ಕೆಲಸ ಬಿಡಬೇಕಾಯಿತು.

ಇನ್ನು 1913ಕ್ಕೆ ಬನ್ನಿ. ಓದುವಾಗ ಬೆತ್ತಲೆ ಮಾಡೆಲ್ ತರಗತಿಗೆ ಪ್ರವೇಶ ಸಿಗದ ಲಾರಾ ನೈಟ್ ಎಂಬ ಇಂಗ್ಲಿಷ್ ಕಲಾವಿದೆ ತನ್ನದೇ ಚಿತ್ರ ಬರೆದುಕೊಂಡಳು. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯಲ್ಲಿದೆ. ಅವಳು ಟೋಪಿ, ಕೆಂಪು ಕೋಟು ತೊಟ್ಟು ನಮಗೆ ಬೆನ್ನು ಮಾಡಿ ನಿಂತಿದ್ದಾಳೆ. ಮುಂದೆ ಬೆತ್ತಲೆ ಗೆಳತಿ, ಪಕ್ಕದಲ್ಲಿ ಅರ್ಧ ಬರೆದ ಅವಳ ಚಿತ್ರ. ಹೆಂಗಸು, ಮಾಡೆಲ್, ಕ್ಯಾನ್ವಾಸ್: ಕ್ಯಾಲೆಂಡರಿನವರು ಬಳಸುವ ಅದೇ ಮೂರು ವಸ್ತು. ಆದರೆ ಇಲ್ಲಿ ಬರೆಯುವವಳ ಕಣ್ಣು ತನ್ನ ಕೆಲಸದ ಕಡೆಗಿದೆ. ನೋಡಲು ಬಂದವರ ಕಡೆ ಅವಳಿಗೆ ಗಮನವಿಲ್ಲ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ ದಿನ ಸಭೆಯಲ್ಲಿ ನಗುವೂ ಇರುವುದಿಲ್ಲ, ನೆಲ ನೋಡುವವರೂ ಇರುವುದಿಲ್ಲ.

ನಮ್ಮ ಕಡೆ ಯಾರಾದ್ರೂ ಇಂಥದ್ದು ಬರೆದಿದ್ದಾರಾ?

ಅಮೆರಿಕದ ಅರ್ಥದ ಪಿನ್-ಅಪ್ ಎಂದಲ್ಲ, ಆದರೆ ಅದೇ ಕಸುಬಿನ ದಾಯಾದಿ ಒಬ್ಬರಿದ್ದಾರೆ: ಕಲಬುರಗಿಯ ಎಸ್.ಎಂ. ಪಂಡಿತ್ (1916–1993). ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಪತ್ರಿಕೆಯ ಮುಖಪುಟ, ಆಮೇಲೆ ಪೌರಾಣಿಕ ಕ್ಯಾಲೆಂಡರ್ ಚಿತ್ರ ಬರೆದರು. ಹಾಲಿವುಡ್ ಚಿತ್ರಗಳ ಪ್ರಚಾರದ ಕೆಲಸವೂ ಅವರ ಕೈಯಿಂದ ಹಾದುಹೋಗಿತ್ತು. ಅವರ ಶಕುಂತಲೆ, ಮೇನಕೆಯರ ಕೂದಲಂಚಿನ ಹೊಳಪನ್ನು, ಹಿಂದಿನಿಂದ ಬರುವ ದೀಪವನ್ನು ಗಮನಿಸಿ. ಕಣ್ವಾಶ್ರಮದಲ್ಲಿ ಆ ದೀಪ ಎಲ್ಲಿಂದ ಬಂತು?

ನೀವು ಇಂಥ ಚಿತ್ರ ನೋಡುವಾಗ ಮೊದಲು ಎಲ್ಲಿ ನೋಡ್ತೀರಿ? ನಿಜ ಹೇಳಿ.

ನಿಜ ಹೇಳಿದರೆ, ಎಲ್ಲರೂ ನೋಡುವಲ್ಲೇ. ಎರಡನೆಯ ಸಲ ಉಗುರು ನೋಡುತ್ತೇನೆ. ತೈಲವರ್ಣ ಕಲಸುವವರ ಉಗುರಿನ ಸಂದಿಯಲ್ಲಿ ಬಣ್ಣ ಕೂತಿರುತ್ತದೆ, ಟರ್ಪಂಟೈನ್ ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಪ್ಯಾಸ್ಟೆಲ್ ಆದರೆ ಮೊಣಕೈವರೆಗೆ ಪುಡಿ. ಸ್ಟುಡಿಯೊ ಪಿನ್-ಅಪ್ ಹುಡುಗಿಯರ ಉಗುರಿಗೆ ಕೆಂಪು ಪಾಲಿಷ್ ಇರುತ್ತದೆ, ಅಂಗಿಯ ಮೇಲೆ ಒಂದು ಕಲೆಯೂ ಇರುವುದಿಲ್ಲ. ಒಂದೇ ಒಂದು ಹಾಳೆಯಲ್ಲಿ ಅವಳ ಮೂಗಿನ ತುದಿಗೆ ನೀಲಿ ಬಣ್ಣ ಹತ್ತಿದ್ದು ಕಂಡು ಖುಷಿಯಾಗಿ ಭೂತಗನ್ನಡಿ ತಂದೆ. ಚುಕ್ಕೆ ಅಚ್ಚುಕಟ್ಟಾಗಿ ದುಂಡಗಿತ್ತು, ದೃಷ್ಟಿಬೊಟ್ಟು ಇಟ್ಟ ಹಾಗೆ.